ಹಾರುವ ಮುನ್ನ ಇಳಿಯುವುದನ್ನು ಕಲಿಯೋಣ



ಹಾವೇರಿ ಜಿಲ್ಲೆಯ ಶಿಗ್ಗಾಂವ ತಾಲ್ಲೂಕಿನಲ್ಲಿ ಹುಲಗೂರು ಎಂಬ ಊರಿದೆ. ಸಂತ ಶಿಶುನಾಳ ಶರೀಫರ ತಂದೆತಾಯಿ ನಡೆದುಕೊಳ್ಳುತ್ತಿದ್ದ ಖಾದರಷಾವಲಿಯವರ ದರ್ಗಾ ಇರುವ ಊರೆಂದು ಅದು ನಾಡಿಗೆ ಪರಿಚಿತ. ಆ ಊರಿನಲ್ಲಾಗಲಿ, ಸುತ್ತಲಿನ ಹಾನಗಲ್ಲ, ಸವಣೂರು, ಹಿರೇಕೆರೂರು ಭಾಗದ ಹಳ್ಳಿಗಳಲ್ಲಾಗಲಿ ಹಿರಿಯರನ್ನು ಮರಕೋತಿ ಆಟದ ಬಗ್ಗೆ ಕೇಳಿ ನೋಡಿ; ಅವರ ಮುಖ ಅರಳುತ್ತದೆ. ಮರದ ಬುಡದಲ್ಲಿ ಒಂದು ವೃತ್ತ, ಅದರೊಳಗೆ ಒಂದು ಕೋಲು. ಕೋಲನ್ನು ದೂರ ಎಸೆದಾಗ ಕಳ್ಳನಾದವನು ಅದನ್ನು ತರಲು ಓಡುತ್ತಾನೆ. ಅಷ್ಟರಲ್ಲಿ ಉಳಿದವರು ಮರ ಏರಿರುತ್ತಾರೆ. ಅವನು ಮುಟ್ಟಲು ಬಂದರೆ ಕೊಂಬೆಯಿಂದ ಕೊಂಬೆಗೆ ಸರಿಯಬೇಕು, ಕೆಳಕ್ಕೆ ಜಿಗಿಯಬೇಕು, ಓಡಬೇಕು. ಏರುವುದು, ತೂಗುವುದು, ಜಿಗಿಯುವುದು, ಇಳಿಯುವುದು ಎಲ್ಲವೂ ಆ ಒಂದು ಆಟದಲ್ಲಿತ್ತು.

ಇಂದು ಮಕ್ಕಳು ಮೊಬೈಲ್ ಪರದೆಯ ಮೇಲೆ ನೋಡಿ ಮೆಚ್ಚುತ್ತಿರುವ 'ಪಾರ್ಕೂರ್' ಇದರ ದೂರದ ಬಂಧು. ಮಾರ್ಗ ಎಂಬ ಅರ್ಥದ ಫ್ರೆಂಚ್ ಪದದಿಂದ ಈ ಹೆಸರು ಬಂದಿದೆ. ಎದುರಿಗೆ ಬರುವ ಗೋಡೆ, ಕಟ್ಟೆ, ಕಂಬಿಗಳನ್ನು ಬಳಸಿ ಹೋಗದೆ, ಮೈಬಲದಿಂದಲೇ ದಾಟಿ ಮುಂದೆ ಸಾಗುವುದು ಅದರ ತಿರುಳು. ಜಾರ್ಜ್ ಎಬೆರ್ ಎಂಬ ಫ್ರೆಂಚ್ ನೌಕಾ ಅಧಿಕಾರಿ 20ನೆಯ ಶತಮಾನದ ಆರಂಭದಲ್ಲಿ ಓಟ, ಹತ್ತುವಿಕೆ, ಜಿಗಿತಗಳನ್ನು ಸೇರಿಸಿ ಒಂದು ಸಹಜ ವ್ಯಾಯಾಮ ಪದ್ಧತಿಯನ್ನು ರೂಪಿಸಿದ. ಶಕ್ತಿ ಇರುವುದು ಇನ್ನೊಬ್ಬರಿಗೆ ಉಪಯೋಗವಾಗಲು ಎಂಬುದು ಅವನ ನಿಲುವು. ಅದರ ಪ್ರಭಾವದಲ್ಲಿ, ಪ್ಯಾರಿಸ್ ಬಳಿಯ ಲೀಸ್ ಎಂಬಲ್ಲಿ ಡೇವಿಡ್ ಬೆಲ್ ಮತ್ತು ಗೆಳೆಯರು 1980ರ ದಶಕದ ಕೊನೆಯಿಂದ ಪಾರ್ಕೂರನ್ನು ಬೆಳೆಸಿದರು. 2018ರಲ್ಲಿ ಅಂತಾರಾಷ್ಟ್ರೀಯ ಜಿಮ್ನಾಸ್ಟಿಕ್ಸ್ ಒಕ್ಕೂಟ ಅದನ್ನು ತನ್ನ ವಿಭಾಗಗಳಲ್ಲಿ ಒಂದಾಗಿ ಸೇರಿಸಿಕೊಂಡಿತು. 2022ರಲ್ಲಿ ಟೋಕಿಯೋದಲ್ಲಿ ಅದರ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು.

ಪರದೆಯ ಮೇಲೆ ಕಂಡದ್ದನ್ನು ತಮ್ಮನೋ ತಂಗಿಯೋ ಮನೆಯ ಮಾಳಿಗೆಯ ಮೇಲೆ ಮಾಡಲು ಹೊರಟರೆ ಏನು ಮಾಡುವುದು? ಗದರಿಸಿ ನಿಲ್ಲಿಸಬಹುದು. ಆದರೆ ನಾವು ಕಾಣದ ಕಡೆ ಅವರು ಜಿಗಿದೇ ಜಿಗಿಯುತ್ತಾರೆ. ಹೆದರಿಸುವುದಕ್ಕಿಂತ ಕ್ರಮವಾಗಿ ಕಲಿಸುವುದು ಮೇಲು. ಮನೆಯ ದೊಡ್ಡವರ ಜೊತೆ ಸೇರಿ ಆ ಹೊಣೆಯನ್ನು ನೀವು ಹೊರಬಲ್ಲಿರಿ.

ದೂರದರ್ಶನದಲ್ಲಿ ಕೆಲಸ ಮಾಡುವವನಾಗಿ ಮೊದಲು ಒಂದು ಮಾತು ಹೇಳಬೇಕು. ಹತ್ತು ಸೆಕೆಂಡಿನ ದೃಶ್ಯದ ಹಿಂದೆ ಹತ್ತಾರು ಬಾರಿ ಕೈಕೊಟ್ಟ ಪ್ರಯತ್ನಗಳಿರಬಹುದು. ಅವು ಸಂಕಲನದ ಮೇಜಿನ ಮೇಲೆ ಉಳಿದುಬಿಡುತ್ತವೆ. ಚೌಕಟ್ಟಿನ ಹೊರಗೆ ದಪ್ಪ ಗಾದಿ ಹಾಸಿರಬಹುದು, ಹಗ್ಗ ಹಿಡಿದು ಜನ ನಿಂತಿರಬಹುದು. ಕ್ಯಾಮೆರಾ ಕೆಳಗಿನಿಂದ ನೋಡಿದರೆ ಮೂರಡಿ ಗೋಡೆ ಆರಡಿಯಾಗಿ ಕಾಣುತ್ತದೆ. ಚಿತ್ರದುರ್ಗದ ಕೋಟೆಯ ಗೋಡೆಯನ್ನು ಬರಿಗೈಯಲ್ಲಿ ಏರುವ ಜ್ಯೋತಿರಾಜ್ ಅವರನ್ನು ನೀವು ನೋಡಿರಬಹುದು. ಅದು ಹಲವು ವರ್ಷಗಳ ಸಾಧನೆಯ ಫಲವೇ ಹೊರತು ಯಾರ ಮೊದಲ ಪಾಠವೂ ಅಲ್ಲ.

ಹಾಗಾದರೆ ಮೊದಲ ಪಾಠ ಯಾವುದು? ಇಳಿಯುವುದು. ಇದಕ್ಕೆ ಸ್ವಲ್ಪ ಭೌತವಿಜ್ಞಾನ ಬೇಕು.

ಒಂದು ಮೀಟರ್ ಎತ್ತರದಿಂದ ಜಿಗಿದ ಹುಡುಗನ ಕಾಲು ನೆಲ ಮುಟ್ಟುವಾಗ ವೇಗ ಸೆಕೆಂಡಿಗೆ ಸುಮಾರು 4.4 ಮೀಟರ್, ಅಂದರೆ ಗಂಟೆಗೆ 16 ಕಿಲೋಮೀಟರ್. ಆ ವೇಗವನ್ನು ಎಷ್ಟು ಅಂತರದಲ್ಲಿ ಸೊನ್ನೆಗೆ ಇಳಿಸುತ್ತೇವೆ ಎಂಬುದರ ಮೇಲೆ ಪೆಟ್ಟಿನ ಪ್ರಮಾಣ ನಿಂತಿದೆ. ಬಿದ್ದ ಎತ್ತರವನ್ನು ನಿಲ್ಲಲು ತೆಗೆದುಕೊಂಡ ಅಂತರದಿಂದ ಭಾಗಿಸಿ, ಒಂದನ್ನು ಕೂಡಿಸಿ. ದೇಹದ ತೂಕದ ಎಷ್ಟು ಪಟ್ಟು ಬಲ ಸರಾಸರಿ ಬೀಳುತ್ತದೆಂದು ತಿಳಿಯುತ್ತದೆ. ಕಾಲನ್ನು ಕೋಲಿನಂತೆ ಸೆಟೆಸಿ 2 ಸೆಂಟಿಮೀಟರಿನಲ್ಲಿ ನಿಂತರೆ 51 ಪಟ್ಟು. ಮೊಣಕಾಲು, ಸೊಂಟ ಬಗ್ಗಿಸುತ್ತ 25 ಸೆಂಟಿಮೀಟರಿನಲ್ಲಿ ನಿಂತರೆ ಕೇವಲ 5 ಪಟ್ಟು. ಕ್ರಿಕೆಟ್ ಚೆಂಡನ್ನು ಹಿಡಿಯುವಾಗ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತೀರಲ್ಲ, ಇದೂ ಅದೇ.

ಮಕ್ಕಳ ವಿಷಯದಲ್ಲಿ ಇನ್ನೂ ಒಂದು ಎಚ್ಚರ ಬೇಕು. ಬೆಳೆಯುವ ಮೂಳೆಗಳ ತುದಿಯ ಬಳಿ ಮೃದ್ವಸ್ಥಿಯ ಪದರವಿರುತ್ತದೆ. ಮೂಳೆ ಉದ್ದವಾಗುವುದು ಅಲ್ಲಿಂದಲೇ. ಅಲ್ಲಿ ಜೋರಾದ ಪೆಟ್ಟಾದರೆ ಕೈಯೋ ಕಾಲೋ ಡೊಂಕಾಗಿ ಬೆಳೆಯುವ ಅಪಾಯವಿದೆ. ಆದುದರಿಂದ ಕಲಿಯುವವರಿಗೆ ಎತ್ತರ ಬೇಡ.

ಈಗ ಜಾಗ. ನಮ್ಮ ಗರಡಿ ಮನೆಗಳನ್ನು ನೆನೆಯಿರಿ. ಕೆಮ್ಮಣ್ಣನ್ನು ಅಗೆದು, ಕಲ್ಲು ಆರಿಸಿ, ಹದ ಮಾಡಿದ ಮೇಲೆಯೇ ಪೈಲ್ವಾನರು ಇಳಿಯುವುದು. ನೀವೂ ಅಂಗಳ ಅಥವಾ ಹಿತ್ತಿಲಿನ ಒಂದು ಮೂಲೆಯ ಮಣ್ಣನ್ನು ಸಡಿಲಿಸಿ, ಕಲ್ಲು, ಗಾಜು, ಮೊಳೆಗಳನ್ನು ತೆಗೆದುಹಾಕಿ. ಸಿಮೆಂಟ್ ನೆಲದ ಮೇಲೆ ಕೌದಿ ಹಾಸಿದರೆ ಸಾಕೆಂದು ತಿಳಿಯಬೇಡಿ. ಅದು ಜಾರಿ ಕಾಲು ಉಳುಕುತ್ತದೆ. ಹುಲ್ಲಿನ ರಾಶಿಯೊಳಗೆ ಕುಡಗೋಲು ಅಡಗಿರಬಹುದು. ಮಳೆಗಾಲದಲ್ಲಿ ಕಟ್ಟೆಗೆ ಪಾಚಿ ಹಿಡಿಯುತ್ತದೆ. ಮಾಳಿಗೆ, ಬಾವಿಕಟ್ಟೆ, ನೀರಿನ ಟ್ಯಾಂಕು, ವಿದ್ಯುತ್ ತಂತಿಯ ಬಳಿ, ಇವು ಎಂದೆಂದಿಗೂ ಬೇಡ. ಹವಾಯಿ ಚಪ್ಪಲಿ, ಕಾಲುಚೀಲ ಕಳಚಿಡಿ. ಉದ್ದ ಲಂಗವಿದ್ದರೆ ಬದಲಾಯಿಸಿ, ಬಳೆ, ಸರಗಳನ್ನು ತೆಗೆದಿಡಿ. ದೊಡ್ಡವರೊಬ್ಬರು ಪಕ್ಕದಲ್ಲಿ ಇರಲೇಬೇಕು.

ಹತ್ತು ನಿಮಿಷ ಓಟ, ಬಸ್ಕಿಗಳಿಂದ ಮೈ ಬಿಸಿ ಮಾಡಿಕೊಂಡ ಮೇಲೆ ಪಾಠಗಳನ್ನು ಒಂದೊಂದಾಗಿ ಹೇಳಿಕೊಡಿ.

ಮೊದಲನೆಯದು, ನಿಂತಲ್ಲೇ ಜಿಗಿದು ಇಳಿಯುವುದು. ಪಾದದ ಮುಂಭಾಗ ಮೊದಲು ನೆಲ ಮುಟ್ಟಬೇಕು. ಮೊಣಕಾಲುಗಳು ಕಾಲ್ಬೆರಳ ದಿಕ್ಕಿಗೇ ಬಗ್ಗಬೇಕು, ಒಳಕ್ಕೆ ವಾಲಬಾರದು. ಸರಿಯಾಯಿತೇ ಎಂದು ತಿಳಿಯಲು ಕಿವಿಗೊಟ್ಟು ಕೇಳಿ. ಧಪ್ ಎಂದು ಸದ್ದಾದರೆ ಪೆಟ್ಟು ಹೆಚ್ಚಾಗಿದೆ. ಬೆಕ್ಕಿನಂತೆ ಸದ್ದಿಲ್ಲದೆ ಇಳಿದರೆ ಸರಿ. ಆಮೇಲೆ ಒಂದು ಮೆಟ್ಟಿಲ ಎತ್ತರದಿಂದ ಇದನ್ನೇ ಮಾಡಿಸಿ. ಹತ್ತಕ್ಕೆ ಹತ್ತು ಬಾರಿಯೂ ಸದ್ದಿಲ್ಲದೆ ಇಳಿಯುವವರೆಗೆ ಎರಡನೆಯ ಮೆಟ್ಟಿಲಿನ ಮಾತು ಬೇಡ.

ಎರಡನೆಯದು, ಗುರಿ ಮತ್ತು ಸಮತೋಲ. ನೆಲದ ಮೇಲೆ ಸುಣ್ಣದಲ್ಲಿ ಎರಡು ಗೆರೆ ಎಳೆದು, ಒಂದರಿಂದ ಇನ್ನೊಂದಕ್ಕೆ ಜಿಗಿದು ಅಲುಗದೆ ನಿಲ್ಲಿಸಿ. ಉದ್ದನೆಯ ಗೆರೆಯ ಮೇಲೆ ಮುಂದಕ್ಕೆ, ಹಿಂದಕ್ಕೆ ನಡೆಸಿ. ಕೈಕಾಲು ಊರಿ ಮಂಗನಂತೆ ನಡೆಯುವುದನ್ನು ಸೇರಿಸಿದರೆ ಭುಜ, ಮಣಿಕಟ್ಟುಗಳು ಗಟ್ಟಿಯಾಗುತ್ತವೆ.

ಮೂರನೆಯದು, ಉರುಳುವುದು. ಇದು ನಮ್ಮ ಲಾಗ ಅಲ್ಲ. ಲಾಗ ಹಾಕುವಾಗ ತಲೆ, ಕುತ್ತಿಗೆಯ ಮೇಲೆ ಭಾರ ಬೀಳಬಹುದು. ಇಲ್ಲಿ ಗದ್ದವನ್ನು ಎದೆಗೆ ಒತ್ತಿಕೊಂಡು, ಒಂದು ಭುಜದ ಹಿಂಭಾಗದಿಂದ ಎದುರು ಬದಿಯ ಸೊಂಟದವರೆಗೆ ಬೆನ್ನಿನ ಮೇಲೆ ಓರೆಯಾಗಿ ಉರುಳಬೇಕು. ತಲೆ ನೆಲ ಮುಟ್ಟಬಾರದು. ಮೊಣಕಾಲೂರಿ ಕುಳಿತು, ಮೃದು ಮಣ್ಣಿನ ಮೇಲೆ ನಿಧಾನವಾಗಿ ಆರಂಭಿಸಿ.

ನಾಲ್ಕನೆಯದು, ಕಟ್ಟೆ ದಾಟುವುದು. ಮಗುವಿನ ಮೊಣಕಾಲಿನಿಂದ ಸೊಂಟದೊಳಗಿನ ಎತ್ತರದ, ಅಲುಗದ ಕಟ್ಟೆ ಇರಲಿ. ಒಂದು ಕೈ ಊರಿ, ಎದುರು ಬದಿಯ ಪಾದವನ್ನು ಮೇಲಿಟ್ಟು, ಇನ್ನೊಂದು ಕಾಲನ್ನು ನಡುವಿನಿಂದ ತೂರಿಸಿ ಆಚೆಗೆ ಇಳಿಯಬೇಕು. ಕುರ್ಚಿ, ಸ್ಟೂಲು, ಮಂಚಗಳು ಮಗುಚುತ್ತವೆ, ಬಳಸಬೇಡಿ. ಗಾಳಿಯಲ್ಲಿ ಪಲ್ಟಿ ಹೊಡೆಯುವುದು ಮನೆಯ ಪಾಠವೇ ಅಲ್ಲ. ಅದಕ್ಕೆ ತರಬೇತಿದಾರರೂ ತಕ್ಕ ಗಾದಿಗಳೂ ಬೇಕು.

ಒಮ್ಮೆಗೆ ಒಬ್ಬರೇ ಜಿಗಿಯಲಿ. 'ಬೇಡ, ಹೆದರಿಕೆ ಆಗುತ್ತದೆ' ಎಂದು ಮಗು ಹೇಳಿದರೆ ಅಲ್ಲಿಗೆ ನಿಲ್ಲಿಸಿ, ಹೀಯಾಳಿಸಬೇಡಿ. ತನ್ನ ಅಳತೆ ತಾನು ಅರಿಯುವುದೂ ಈ ವಿದ್ಯೆಯ ಭಾಗವೇ. ದಣಿದ ಮೇಲೆ ಮುಂದುವರಿಸಬೇಡಿ. ದಣಿದ ಕಾಲು ಮೆತ್ತಗೆ ಇಳಿಯಲಾರದು.

ಇಷ್ಟಾದರೂ ಪೆಟ್ಟಾಗಬಹುದು. ಮೂಳೆ ಮುರಿದಿರುವ ಸಂಶಯವಿದ್ದರೆ ಎಣ್ಣೆ ಹಚ್ಚಿ ತಿಕ್ಕುವುದು, ಎಳೆದು ನೆಟ್ಟಗೆ ಮಾಡುವುದು ಕೂಡದು. ಇದ್ದ ಹಾಗೆಯೇ ಆಧಾರ ಕೊಟ್ಟು ಆಸ್ಪತ್ರೆಗೆ ಒಯ್ಯಿರಿ. ತಲೆಗೆ ಪೆಟ್ಟಾಗಿ ಎಚ್ಚರ ತಪ್ಪಿದರೆ, ವಾಂತಿಯಾದರೆ, ಮಂಪರು ಕವಿದರೆ ತಡಮಾಡದೆ 108ಕ್ಕೆ ಕರೆ ಮಾಡಿ. ಕುತ್ತಿಗೆ ನೋವೆಂದರೆ ಅಲುಗಾಡಿಸಬೇಡಿ.

ಕೊನೆಯದಾಗಿ, ಈ ಪಾಠಕ್ಕೆ ತಮ್ಮನನ್ನು ಮಾತ್ರ ಕರೆಯಬೇಡಿ, ತಂಗಿಯನ್ನೂ ಕರೆಯಿರಿ. ನೀರು ತರುವಾಗ, ಬಸ್ಸು ಇಳಿಯುವಾಗ, ಮಳೆಯಲ್ಲಿ ಹೊಲದ ಬದುವಿನ ಮೇಲೆ ನಡೆಯುವಾಗ ಜಾರುವ ಕಾಲಿಗೆ ಗಂಡು ಹೆಣ್ಣೆಂಬ ಭೇದವಿಲ್ಲ. ಬೀಳುವಾಗ ಮೈಯನ್ನು ಕಾಪಾಡಿಕೊಳ್ಳುವ ವಿದ್ಯೆ ಇಬ್ಬರಿಗೂ ಬೇಕು. ವಯಸ್ಸಾದ ಮೇಲೂ ಅದು ಕೈಹಿಡಿಯುತ್ತದೆ.

ಈ ಭಾನುವಾರ ಅಂಗಳದಲ್ಲಿ ಒಂದು ಗೆರೆ ಎಳೆಯಿರಿ. ಅಜ್ಜನನ್ನೋ ಅಜ್ಜಿಯನ್ನೋ ಕಟ್ಟೆಯ ಮೇಲೆ ಕೂರಿಸಿ, ಸದ್ದು ಬಂತೇ ಇಲ್ಲವೇ ಎಂದು ತೀರ್ಪು ಹೇಳಲು ಒಪ್ಪಿಸಿ. ಮರಕೋತಿ ಆಡಿದವರ ಕಿವಿಗೆ ಅದು ಚೆನ್ನಾಗಿ ತಿಳಿಯುತ್ತದೆ.