ಕ್ಯಾಮೆರಾ ಯಾರ ಕೈಯಲ್ಲಿದೆ?



ಸೂಪರ್‌ಹೀರೋ ಸಿನಿಮಾದ ಬಗ್ಗೆ ಉಪನ್ಯಾಸ ಅಂದ ಕೂಡಲೇ ಕೆಲವರು ಹುಬ್ಬೇರಿಸಿದರು ಅಂತ ಕೇಳಿದೆ. ಇರಲಿ. ನಾನು ಹೇಳಹೊರಟಿರುವುದು 2012ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ತೆರೆಕಂಡ ‘ಕ್ರಾನಿಕಲ್’ ಎಂಬ ಒಂದೇ ಚಿತ್ರದ ವಿಚಾರ. ಅವಧಿ ಒಂದೂವರೆ ಗಂಟೆಯೂ ಇಲ್ಲ. ಖರ್ಚು ಸುಮಾರು 1.2 ಕೋಟಿ ಡಾಲರ್. ಅದೇ ವರ್ಷ ಬಂದ ‘ದಿ ಅವೆಂಜರ್ಸ್’ಗೆ 20 ಕೋಟಿಗೂ ಮಿಕ್ಕಿ ಸುರಿದಿದ್ದರು. ನಿರ್ದೇಶಕ ಜಾಷ್ ಟ್ರ್ಯಾಂಕ್ ಅವರಿಗೆ ಆಗಿನ್ನೂ ಮೂವತ್ತು ತುಂಬಿರಲಿಲ್ಲ. ಚಿತ್ರಕಥೆ ಮ್ಯಾಕ್ಸ್ ಲ್ಯಾಂಡಿಸ್ ಅವರದು.

ಇದು ಫೌಂಡ್ ಫೂಟೇಜ್ ಶೈಲಿಯ ಚಿತ್ರ. ಅಂದರೆ ನಾವು ನೋಡುವುದೆಲ್ಲ ಕಥೆಯೊಳಗಿನವರೇ ತೆಗೆದದ್ದು, ಆಮೇಲೆ ಯಾರ ಕೈಗೋ ಸಿಕ್ಕಿದ್ದು ಎಂಬ ಸೋಗು. ಸೋಗು ಎಷ್ಟು ನಂಬಿಸುತ್ತದೆ ಅಂದರೆ, 1980ರಲ್ಲಿ ‘ಕ್ಯಾನಿಬಾಲ್ ಹೋಲೋಕಾಸ್ಟ್’ ತೆಗೆದ ಇಟಲಿಯ ರುಜೆರೊ ದೆಯೊದಾತೊ ತನ್ನ ನಟರು ಜೀವಂತವಾಗಿದ್ದಾರೆಂದು ಅಧಿಕಾರಿಗಳ ಮುಂದೆ ತೋರಿಸಿಕೊಡಬೇಕಾಯಿತು. 1999ರ ‘ಬ್ಲೇರ್ ವಿಚ್ ಪ್ರಾಜೆಕ್ಟ್’ ಈ ದಾರಿಯನ್ನು ಹೆದ್ದಾರಿ ಮಾಡಿತು. ಕನ್ನಡಕ್ಕೂ ಬಂತು: ಚಾರಣಕ್ಕೆ ಹೋದ ಗೆಳೆಯರ ಕಥೆಯ ‘6-5=2’, 2013ರಲ್ಲಿ. ಇಲ್ಲಿ ಕೂತಿರುವ ಹಲವರು ಅದನ್ನು ನೋಡಿ ರಾತ್ರಿ ದೀಪ ಹಾಕಿಕೊಂಡೇ ಮಲಗಿದವರಿರಬಹುದು.

ಈ ಬಗೆಯ ಚಿತ್ರಗಳಿಗೆಲ್ಲ ಒಂದು ಪೀಡೆ ಅಂಟಿಕೊಂಡಿದೆ. ದೆವ್ವ ಬೆನ್ನಟ್ಟಿ ಬರುತ್ತಿದೆ, ಹುಡುಗ ಓಡುತ್ತಿದ್ದಾನೆ, ಕೈಯಲ್ಲಿ ಕ್ಯಾಮೆರಾ ಹಾಗೇ ಇದೆ. ‘ಅದನ್ನು ಬಿಸಾಕಿ ಓಡೋ ಮಾರಾಯ’ ಅಂತ ಟಾಕೀಸಿನ ಹಿಂದಿನ ಸಾಲಿನಿಂದ ಯಾರಾದರೂ ಕೂಗಿಯೇ ಕೂಗುತ್ತಾರೆ. ಬಹಳಷ್ಟು ನಿರ್ದೇಶಕರು ಈ ಕೂಗು ಕೇಳದವರಂತೆ ಮುಂದೆ ಹೋಗಿಬಿಡುತ್ತಾರೆ. ‘ಕ್ರಾನಿಕಲ್’ನ ಇಡೀ ಕಟ್ಟಡ ನಿಂತಿರುವುದೇ ಈ ಕೂಗಿಗೆ ಕೊಟ್ಟ ಉತ್ತರದ ಮೇಲೆ.

ಸಿಯಾಟಲ್‌ನಲ್ಲಿ ಆಂಡ್ರೂ ಎಂಬ ಹೈಸ್ಕೂಲ್ ಹುಡುಗ. ತಾಯಿ ಹಾಸಿಗೆ ಹಿಡಿದಿದ್ದಾಳೆ. ತಂದೆ ಹಿಂದೆ ಅಗ್ನಿಶಾಮಕ ದಳದಲ್ಲಿದ್ದವನು, ಈಗ ಕೆಲಸವಿಲ್ಲ, ಕುಡಿತವಿದೆ. ಚಿತ್ರ ಶುರುವಾಗುವುದೇ ಅವನು ಮಗನ ಕೋಣೆಯ ಬಾಗಿಲು ದಬದಬ ಬಡಿಯುವುದರಿಂದ. ಒಳಗೆ ಆಂಡ್ರೂ ಕನ್ನಡಿಯೆದುರು ಕ್ಯಾಮೆರಾ ಇಟ್ಟುಕೊಂಡಿದ್ದಾನೆ. ಇನ್ನು ಮೇಲೆ ಎಲ್ಲವನ್ನೂ ಚಿತ್ರೀಕರಿಸುತ್ತೇನೆ ಎನ್ನುತ್ತಾನೆ. ನನಗನ್ನಿಸುವ ಮಟ್ಟಿಗೆ ಅದು ಹವ್ಯಾಸವಲ್ಲ, ಸಾಕ್ಷಿ. ಹೊಡೆತ ತಿನ್ನುವ ಮಗು ತನ್ನ ಪರವಾಗಿ ಹುಡುಕಿಕೊಂಡ ಒಬ್ಬನೇ ಸಾಕ್ಷಿದಾರ.

ಅವನು, ಸೋದರ ಸಂಬಂಧಿ ಮ್ಯಾಟ್, ಶಾಲೆಯ ಕಣ್ಮಣಿ ಸ್ಟೀವ್ ಮೂವರೂ ನೆಲದಲ್ಲಿನ ಒಂದು ಬಿಲದೊಳಗೆ ಹೊಳೆಯುವ ಏನನ್ನೋ ಕಂಡು ಬಂದ ಮೇಲೆ, ಮುಟ್ಟದೆಯೇ ವಸ್ತುಗಳನ್ನು ಕದಲಿಸುವ ಶಕ್ತಿ ಮೂವರಿಗೂ ಬರುತ್ತದೆ. ಅದು ಏನು, ಎಲ್ಲಿಂದ ಬಂತು? ಚಿತ್ರ ಹೇಳುವುದಿಲ್ಲ, ಒಳ್ಳೆಯದೇ ಆಯಿತು. ಆ ಶಕ್ತಿ ಇಟ್ಟುಕೊಂಡು ಹುಡುಗರು ಲೋಕ ಉಳಿಸಲು ಹೊರಡುವುದಿಲ್ಲ. ಹದಿನೇಳರ ಹುಡುಗರು ಏನು ಮಾಡುತ್ತಾರೋ ಅದನ್ನೇ ಮಾಡುತ್ತಾರೆ. ಪಾರ್ಕಿಂಗ್‌ನಲ್ಲಿದ್ದ ಹೆಂಗಸೊಬ್ಬಳ ಕಾರನ್ನು ಸದ್ದಿಲ್ಲದೆ ಬೇರೆಡೆಗೆ ಸರಿಸಿ, ಅವಳು ತಬ್ಬಿಬ್ಬಾಗುವುದನ್ನು ನೋಡಿ ಬಿದ್ದು ಬಿದ್ದು ನಗುತ್ತಾರೆ. ಅತಿಯಾದರೆ ಮೂಗಿನಿಂದ ರಕ್ತ ಸೋರುತ್ತದೆ. ಒಬ್ಬರ ಮೇಲೊಬ್ಬರು ಚೆಂಡೆಸೆದು ತಡೆಯುವ ಆಟದಲ್ಲಿ ಏಟೂ ಬೀಳುತ್ತದೆ. ನೈಜತೆ ಅಂದರೆ ನನ್ನ ಮಟ್ಟಿಗೆ ಇದು. ಚಿತ್ರ ಅಲುಗಾಡಿದ ಮಾತ್ರಕ್ಕೆ ಅದು ಬರುವುದಿಲ್ಲ.

ಈಗ ಆ ಉತ್ತರಕ್ಕೆ ಬರೋಣ. ಶಕ್ತಿ ಪಳಗಿದಂತೆ ಆಂಡ್ರೂ ಕ್ಯಾಮೆರಾವನ್ನೇ ಗಾಳಿಯಲ್ಲಿ ತೇಲಿಸಲು ಕಲಿಯುತ್ತಾನೆ. ಅಲ್ಲಿಯವರೆಗೆ ಅವನು ಕ್ಯಾಮೆರಾ ಹಿಂದಿನ ದನಿ ಮಾತ್ರ, ಕನ್ನಡಿಯಲ್ಲಿ ಇಣುಕುವ ಮುಖ ಮಾತ್ರ. ಈಗ ಕ್ಯಾಮೆರಾ ಅವನನ್ನು ಬಿಟ್ಟು ಮೇಲೇಳುತ್ತದೆ, ಸುತ್ತು ಹಾಕುತ್ತದೆ, ಅವನ ಮುಖಕ್ಕೆ ತಿರುಗುತ್ತದೆ. ಕೈನಡುಕ ಮಾಯವಾಗುತ್ತದೆ. ಚೌಕಟ್ಟು ನೇರವಾಗುತ್ತದೆ, ಕೋನ ಎತ್ತರಕ್ಕೇರುತ್ತದೆ. ನಮ್ಮ ಸಿನಿಮಾಗಳಲ್ಲಿ ನಾಯಕನ ಎಂಟ್ರಿಗೆ ಕ್ಯಾಮೆರಾ ಅವನ ಬೂಟಿನ ಬುಡದಲ್ಲಿ ಕಾದು ಕೂತಿರುತ್ತದಲ್ಲ, ಆ ಗೌರವ ಅವನಿಗೆ ನಿರ್ದೇಶಕರಿಂದ ಪುಕ್ಕಟೆ ಸಿಕ್ಕಿದ್ದು. ಆಂಡ್ರೂ ಅದನ್ನು ತಾನೇ ತನಗೆ ಕೊಟ್ಟುಕೊಳ್ಳುತ್ತಾನೆ. ಚಿತ್ರ ಸುಂದರವಾದಷ್ಟೂ ಹುಡುಗ ಕೆಡುತ್ತಿದ್ದಾನೆ. ಜೇಡವೊಂದನ್ನು ಗಾಳಿಯಲ್ಲಿ ಎತ್ತಿಹಿಡಿದು ಕಾಲು ಕಾಲು ಬಿಡಿಸಿ ಹರಿಯುವ ದೃಶ್ಯವನ್ನು ನೋಡಿ. ಕ್ಯಾಮೆರಾ ಒಂದಿಷ್ಟೂ ಕದಲುವುದಿಲ್ಲ.

ತಾಯಿಯ ಔಷಧಿಗೆ ಹಣ ಬೇಕಾದಾಗ ಅವನು ದರೋಡೆಗೆ ಇಳಿಯುತ್ತಾನೆ, ತಂದೆಯ ಅಗ್ನಿಶಾಮಕ ಸಮವಸ್ತ್ರ ತೊಟ್ಟುಕೊಂಡು. ಇಡೀ ಚಿತ್ರದಲ್ಲಿ ವೀರವೇಷ ಎನ್ನಬಹುದಾದದ್ದು ಅದೊಂದೇ, ಅದೂ ಕಳ್ಳತನಕ್ಕೆ. ಪೆಟ್ರೋಲ್ ಬಂಕಿನಲ್ಲಿ ಅವನನ್ನು ನಾವು ಸಿಸಿಟಿವಿಯಲ್ಲಿ ನೋಡುತ್ತೇವೆ. ಅಲ್ಲಿಂದ ಮುಂದೆ ಕ್ಯಾಮೆರಾ ಕ್ರಮೇಣ ಅವನ ಕೈತಪ್ಪುತ್ತದೆ. ಪೊಲೀಸ್ ಕಾರಿನದು, ಹೆಲಿಕಾಪ್ಟರಿನದು, ದಾರಿಹೋಕರದು: ಎಲ್ಲವೂ ಅವನ ವಿರುದ್ಧದ ಸಾಕ್ಷಿ. ಕೊನೆಗೆ ನಗರದ ಹೆಗ್ಗುರುತಾದ, ಸುಮಾರು 184 ಮೀಟರ್ ಎತ್ತರದ ಸ್ಪೇಸ್ ನೀಡಲ್ ಗೋಪುರದಲ್ಲಿ ಅವನು ಪ್ರವಾಸಿಗರ ಫೋನು, ಕ್ಯಾಮೆರಾಗಳನ್ನೆಲ್ಲ ಕಸಿದು ತನ್ನ ಸುತ್ತ ತೇಲಿಸಿಕೊಳ್ಳುತ್ತಾನೆ. ಮೊದಲು ತಾನು ಕಂಡದ್ದಕ್ಕೆ ಸಾಕ್ಷಿ ಹುಡುಕಿದವನಿಗೆ ಈಗ ತನ್ನನ್ನು ನೋಡುವ ಕಣ್ಣುಗಳೇ ಬೇಕು. ಆಂಡ್ರೂ ಪಾತ್ರದ ಡೇನ್ ಡಿಹಾನ್ ಈ ಹಂತದಲ್ಲಿ ಕಿರುಚುವುದು ಜಾಸ್ತಿಯಾಯಿತು ಅನ್ನುವವರಿದ್ದಾರೆ. ನನಗೆ ಹಾಗನ್ನಿಸಿಲ್ಲ. ಸ್ಟೀವ್ ಆಗಿ ಬರುವ ಮೈಕಲ್ ಬಿ. ಜೋರ್ಡನ್ ಈಗ ದೊಡ್ಡ ತಾರೆ. ಅವರ ಪಾತ್ರ ಬೇಗ ಮುಗಿಯುವುದೇ ನನ್ನ ತಕರಾರು.

ತಕರಾರು ಇನ್ನೂ ಇವೆ. ಮ್ಯಾಟ್ ಮೆಚ್ಚಿದ ಹುಡುಗಿ ಕೇಸಿಯ ಕೈಗೂ ಕ್ಯಾಮೆರಾ ಕೊಟ್ಟಿರುವುದು ಬರೀ ಅನುಕೂಲಕ್ಕೆ; ಆಂಡ್ರೂ ಇಲ್ಲದ ಕಡೆ ಕಥೆ ಹೇಳಲು ಬೇರೆ ದಾರಿ ಹೊಳೆದಿಲ್ಲ. ಇಷ್ಟು ಮೂಲಗಳ ದೃಶ್ಯಗಳನ್ನು ಯಾರು ಕೂಡಿಸಿದರು ಎಂಬುದಕ್ಕೂ ಉತ್ತರವಿಲ್ಲ. ಇನ್ನು ಆ ಅಗ್ಗದ ಹ್ಯಾಂಡಿಕ್ಯಾಮ್ ನೋಟ? ಛಾಯಾಗ್ರಾಹಕ ಮ್ಯಾಥ್ಯೂ ಜೆನ್ಸನ್ ಬಳಸಿದ್ದು ದುಬಾರಿ ಆರಿ ಅಲೆಕ್ಸಾ ಕ್ಯಾಮೆರಾ. ಸಿಯಾಟಲ್ ಎಂದು ನಾವು ನಂಬಿದ್ದರಲ್ಲಿ ಬಹುಪಾಲು ದಕ್ಷಿಣ ಆಫ್ರಿಕಾದ ಕೇಪ್‌ಟೌನ್. ನೈಜತೆಗೂ ಸೆಟ್ ಹಾಕಬೇಕಾಗುತ್ತದೆ, ಸ್ವಾಮಿ.

ಚಿತ್ರ ಹಾಕಿದ್ದರ ಹತ್ತು ಪಟ್ಟು ಗಳಿಸಿತು. ಟ್ರ್ಯಾಂಕ್ ಅವರಿಗೆ ದೊಡ್ಡ ಬಾಗಿಲು ತೆರೆಯಿತು. 2015ರಲ್ಲಿ ಅವರ ‘ಫೆಂಟಾಸ್ಟಿಕ್ ಫೋರ್’ ಬಂತು, ಹಣ ಹತ್ತು ಪಟ್ಟಾಗಿತ್ತು, ನೆಲಕಚ್ಚಿತು. ಆ ಚಿತ್ರದಲ್ಲಿ ಕ್ಯಾಮೆರಾ ಎಲ್ಲಿ ಬೇಕಾದರೂ ಹೋಗಬಹುದಿತ್ತು, ಯಾರಿಗೂ ಲೆಕ್ಕ ಕೊಡಬೇಕಾಗಿರಲಿಲ್ಲ.

ಈಗ ‘ಕ್ರಾನಿಕಲ್’ನ ಗೋಪುರದ ದೃಶ್ಯವನ್ನು ತೋರಿಸುತ್ತೇವೆ. ಒಂದೊಂದು ಕಟ್ ಬಿದ್ದಾಗಲೂ ಆ ಕ್ಯಾಮೆರಾ ಯಾರದ್ದು ಅಂತ ಗುರುತು ಹಾಕಿಕೊಳ್ಳುತ್ತ ನೋಡಿ. ಎರಡು ಕಡೆ ನಿಮಗೂ ಜಗಳವಾಗುತ್ತದೆ, ಆಮೇಲೆ ಚರ್ಚೆಯಲ್ಲಿ ಬಗೆಹರಿಸೋಣ. ಹಿಂದಿನ ದೀಪ ಆರಿಸಿಬಿಡಿಯಪ್ಪ.