ವಿದ್ಯುತ್ ಸ್ಕೂಟರಿನ ಬ್ಯಾಟರಿ: ಬೆಂಕಿಯ ಬಗ್ಗೆ ಎಚ್ಚರಿಕೆ



ಡೇರಿಗೆ, ಸಂತೆಗೆ, ತೋಟಕ್ಕೆ ಓಡಾಡಲು ಈಗ ಹಳ್ಳಿಗಳಲ್ಲೂ ವಿದ್ಯುತ್ ಸ್ಕೂಟರುಗಳು ಬಂದಿವೆ. ಇವುಗಳಲ್ಲಿ ಹೆಚ್ಚಿನವು ಲಿಥಿಯಂ-ಅಯಾನ್ ಬ್ಯಾಟರಿಯಿಂದ ಓಡುತ್ತವೆ. 2022ರಲ್ಲಿ ದೇಶದ ಹಲವೆಡೆ ಇಂಥ ಸ್ಕೂಟರುಗಳಿಗೆ ಬೆಂಕಿ ಹತ್ತಿದ ನಂತರ ಕೇಂದ್ರ ಸರ್ಕಾರವು ಬ್ಯಾಟರಿ ಪರೀಕ್ಷೆಯ ನಿಯಮಗಳನ್ನು ಬಿಗಿಗೊಳಿಸಿತು. ಆದರೂ ಬಳಸುವವರ ಎಚ್ಚರ ಅತ್ಯಗತ್ಯ.

ಬ್ಯಾಟರಿಯೊಳಗೆ ಹಲವು ಸಣ್ಣ ಕೋಶಗಳಿರುತ್ತವೆ. ಪೆಟ್ಟು ಬಿದ್ದು, ನೀರು ಸೇರಿ ಅಥವಾ ಚಾರ್ಜು ಮಿತಿಮೀರಿ ಒಂದು ಕೋಶ ಕೆಟ್ಟರೆ ಅದರ ಕಾವು ಪಕ್ಕದ ಕೋಶಗಳಿಗೂ ಹಬ್ಬುತ್ತದೆ. ಹಸಿ ಹುಲ್ಲು ಒಟ್ಟಿದ ಬಣವೆ ಒಳಗೊಳಗೇ ಕಾವೇರಿ ಹೊತ್ತಿಕೊಳ್ಳುವಂತೆ ಬ್ಯಾಟರಿಯೂ ಹೊರಗಿನ ಕಿಡಿಯಿಲ್ಲದೆ ಹೊತ್ತಿಕೊಳ್ಳಬಲ್ಲದು. ಇದರ ಹೊಗೆ ವಿಷಕಾರಿ.

ಅನುಸರಿಸಬೇಕಾದ ಕ್ರಮಗಳು:

1. ಸ್ಕೂಟರಿನೊಡನೆ ಕೊಟ್ಟ ಚಾರ್ಜರನ್ನೇ ಬಳಸಬೇಕು.

2. ಬಣವೆ, ದನದ ಕೊಟ್ಟಿಗೆ, ಡೀಸೆಲ್ ಡಬ್ಬಗಳಿಂದ ದೂರವಿಟ್ಟು ಚಾರ್ಜು ಮಾಡಬೇಕು. ಮನೆಬಾಗಿಲ ಬಳಿ ಬೇಡ. ಬೆಂಕಿ ಬಿದ್ದರೆ ಹೊರಬರುವ ದಾರಿಯೇ ಮುಚ್ಚಿಹೋಗುತ್ತದೆ.

3. ಎಲ್ಲರೂ ಮಲಗಿದ ಮೇಲೆ ಚಾರ್ಜಿಗೆ ಹಾಕಬಾರದು. ಹಗಲು ವಿದ್ಯುತ್ ಇರುವಾಗ ಹಾಕುವುದು ಉತ್ತಮ.

4. ಬಿಸಿಲಿನಲ್ಲಿ ಓಡಿಸಿ ಬಂದೊಡನೆ ಚಾರ್ಜು ಮಾಡದೆ, ಬ್ಯಾಟರಿ ತಣ್ಣಗಾಗಲು ಬಿಡಬೇಕು.

5. ಉಬ್ಬಿದ, ಸೋರುವ, ಜಖಂಗೊಂಡ ಅಥವಾ ನೀರಿನಲ್ಲಿ ಮುಳುಗಿದ ಬ್ಯಾಟರಿಯನ್ನು ಬಳಸಬಾರದು, ಬಿಚ್ಚಲೂಬಾರದು. ಮಾರಾಟಗಾರರ ಸರ್ವಿಸ್ ಕೇಂದ್ರಕ್ಕೆ ತಿಳಿಸಬೇಕು.

ಹೊಗೆ ಕಂಡ ಕೂಡಲೇ ಮನೆಮಂದಿಯೆಲ್ಲ ಹೊರಬಂದು 112ಕ್ಕೆ ಕರೆ ಮಾಡಬೇಕು. ಸ್ಕೂಟರನ್ನು ಉಳಿಸಲು ಒಳಗೆ ಹೋಗಬಾರದು. ಆರಿದಂತೆ ಕಂಡ ಬ್ಯಾಟರಿ ಗಂಟೆಗಳ ನಂತರವೂ ಮತ್ತೆ ಹೊತ್ತಿಕೊಳ್ಳಬಹುದು; ಅದನ್ನು ಕೊಟ್ಟಿಗೆಯತ್ತ ತರಲೇಬಾರದು.