ಕಸಿಯ ನಂತರದ ಬದುಕು

ಲಿಂಫೋಮಾ ಎಂದರೆ ದುಗ್ಧರಸ ವ್ಯವಸ್ಥೆಯ ಕ್ಯಾನ್ಸರ್. ಅದು ಮರುಕಳಿಸಿದಾಗ ಕೆಲವರಿಗೆ ಅವರದೇ ರಕ್ತದ ಆಕರಕೋಶಗಳನ್ನು ತೆಗೆದು, ಶೀತಲೀಕರಿಸಿಟ್ಟು, ತೀವ್ರ ಪ್ರಮಾಣದ ಔಷಧಿ ಕೊಟ್ಟ ಮೇಲೆ ರಕ್ತನಾಳದ ಮೂಲಕ ಮರಳಿಸುತ್ತಾರೆ. ಅಸ್ಥಿಮಜ್ಜೆ ಕಸಿಗೆ ದಾರಿ ತೋರಿದ ಡೊನಾಲ್ ಥಾಮಸ್ ಅವರಿಗೆ 1990ರಲ್ಲಿ ನೊಬೆಲ್ ಸಂದಿತು.

ಸಾಮಾನ್ಯವಾಗಿ ಎರಡು ವಾರಗಳಲ್ಲಿ ಬಿಳಿ ರಕ್ತಕಣಗಳು ಏರತೊಡಗುತ್ತವೆ. ಆದರೆ ಮೈಯ ಕಸುವು ಅಷ್ಟು ಬೇಗ ಮರಳದು. ಆಯಾಸ ತಿಂಗಳುಗಟ್ಟಲೆ ಕಾಡಬಹುದು. ಬಾಲ್ಯದ ಲಸಿಕೆಗಳ ರಕ್ಷಣೆಯೂ ಕುಂದುವುದರಿಂದ ಪೋಲಿಯೋ, ಧನುರ್ವಾಯು ಲಸಿಕೆಗಳನ್ನು ಮತ್ತೆ ಹಾಕಿಸಬೇಕಾಗುತ್ತದೆ.

ಹೀಗೆ ತರಗತಿಗೆ ಮರಳಿದ ಗೆಳೆಯ ಮೆಟ್ಟಿಲ ಮೇಲೆ ಕುಳಿತುಬಿಟ್ಟರೆ ಅದು ಸೋಮಾರಿತನವಲ್ಲ. ನಿಮಗೆ ನೆಗಡಿಯಿದ್ದರೆ ದೂರವಿರಿ. ಇಲ್ಲದಿದ್ದರೆ ಪಕ್ಕದಲ್ಲಿ ಕೂರಿ, ತಪ್ಪಿದ ಪಾಠಗಳ ನೋಟ್ಸ್ ಕೊಡಿ. ಆಸ್ಪತ್ರೆಯ ಕೆಲಸ ವೈದ್ಯರದು. ಆನಂತರದ ಚೇತರಿಕೆಯಲ್ಲಿ ನಿಮ್ಮ ಪಾಲೂ ಇದೆ.